ಕಾಳಿಲ್ಲದ ಸೀಟಿ: ಭಾನುವಾರದ ಫುಟ್ಬಾಲಿಗೆ ಫಾಕ್ಸ್ 40 ಕ್ಲಾಸಿಕ್

ಮೊದಲು ವಸ್ತು ಯಾವುದು ಅಂತ ಹೇಳಿಬಿಡುತ್ತೇನೆ. ಫಾಕ್ಸ್ 40 ಕ್ಲಾಸಿಕ್ ಸೀಟಿ. ಕಪ್ಪು ಪ್ಲಾಸ್ಟಿಕ್ಕಿನದು. ಕುತ್ತಿಗೆಗೆ ಹಾಕಿಕೊಳ್ಳುವ ದಾರ ಸೇರಿ ನನಗೆ 450 ರೂಪಾಯಿ ಬಿತ್ತು. ಕೊಂಡದ್ದು 2023ರ ಮಾರ್ಚ್ ತಿಂಗಳಲ್ಲಿ. ನಾನು ರೆಫರಿಯೂ ಅಲ್ಲ, ಕೋಚೂ ಅಲ್ಲ. ವಯಸ್ಸು 44. ವಾರವಿಡೀ ಔಷಧ ಕಂಪನಿಯೊಂದರ ಲೆಕ್ಕಪತ್ರ ನೋಡುತ್ತೇನೆ, ಭಾನುವಾರ ಬೆಳಿಗ್ಗೆ ಆರೂವರೆಗೆ ಗ್ಲವ್ಸ್ ಹಾಕಿಕೊಂಡು ಗೋಲಿನಲ್ಲಿ ನಿಲ್ಲುತ್ತೇನೆ. ಈ ಸೀಟಿ ಕೊಂಡವರೆಲ್ಲ ಅದರ ಸೌಂಡಿನ ಬಗ್ಗೆ ಬರೆಯುತ್ತಾರೆ. ನಾನೂ ಬರೆಯುತ್ತೇನೆ. ಆದರೆ ನಾನು ಕೊಂಡದ್ದು ಸೌಂಡಿಗಲ್ಲ, ಜಗಳಕ್ಕೆ.

ನಮ್ಮ ಆಟ ನಡೆಯುವುದು ದಕ್ಷಿಣ ಬೆಂಗಳೂರಿನ ಒಂದು ಟರ್ಫಿನಲ್ಲಿ, ಅಂದರೆ ಸುತ್ತಲೂ ತಲೆ ಮೇಲೂ ಬಲೆ ಕಟ್ಟಿದ ಕೃತಕ ಹುಲ್ಲಿನ ಮೈದಾನದಲ್ಲಿ. ಹದಿನೆಂಟು ಜನ, ಆರಾರು ಮಂದಿಯ ಮೂರು ಟೀಮು, ತಲೆಗೆ 150 ರೂಪಾಯಿ, ಒಂದೂವರೆ ಗಂಟೆ. ಒಂದು ಆಟಕ್ಕೆ ಎಂಟು ನಿಮಿಷ, ಅಥವಾ ಯಾರು ಮೊದಲು ಎರಡು ಗೋಲು ಹಾಕುತ್ತಾರೋ ಅವರದು. ಗೆದ್ದವರು ಒಳಗೆ, ಸೋತವರು ಹೊರಗೆ, ಕಾಯುತ್ತಿದ್ದ ಟೀಮು ಒಳಕ್ಕೆ. ಸಾಫ್ಟ್‌ವೇರಿನವರು, ಒಬ್ಬ ದಂತವೈದ್ಯ, ಇಬ್ಬರು ಪಿಯುಸಿ ಹುಡುಗರು, ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಒಬ್ಬರು, ಕೇರಳದ ಮೂವರು, ಮಣಿಪುರದ ಒಬ್ಬ. ಹೀಗೆ ವಾಟ್ಸಾಪ್ ಗುಂಪಿನಲ್ಲಿ ಹೆಸರು ಹಾಕಿದವರೆಲ್ಲ ಆಡಬಹುದು. ರೆಫರಿ ಇಲ್ಲ.

ರೆಫರಿ ಇಲ್ಲದ ಆಟದಲ್ಲಿ ತೀರ್ಪು ಯಾರದು? ಗಂಟಲು ಯಾರದು ದೊಡ್ಡದೋ ಅವರದು. ನಮ್ಮಲ್ಲಿ ಅನೇಕ ವರ್ಷ ಹಾಗೇ ನಡೆಯಿತು. ಚೆಂಡು ಮೊಣಕೈಗೆ ತಾಗಿದರೆ ಆರು ಬಾಯಿ ಒಟ್ಟಿಗೆ ‘ಹ್ಯಾಂಡು!’ ಅನ್ನುತ್ತವೆ, ಇನ್ನಾರು ಬಾಯಿ ‘ಎಲ್ಲಿ ಹ್ಯಾಂಡು, ಭುಜ ಅದು’ ಅನ್ನುತ್ತವೆ. ಗೋಲಿನ ಬಲೆ ಹರಿದಿದ್ದರಿಂದ ಚೆಂಡು ಒಳಗಿಂದ ಆಚೆ ಹೋಯಿತೋ ಪಕ್ಕದಿಂದ ಹೋಯಿತೋ ಎಂಬುದೇ ಒಂದು ವ್ಯಾಜ್ಯ. ತಲೆ ಮೇಲಿನ ಬಲೆಗೆ ಚೆಂಡು ತಾಗಿತೋ ಇಲ್ಲವೋ ಎಂಬುದು ಇನ್ನೊಂದು. ಇದ್ದದ್ದರಲ್ಲಿ ಅತಿ ಕೆಟ್ಟದ್ದು ಸ್ಕೋರಿನ ಜಗಳ. ಒಂದು-ಒಂದು ಅಂತ ಒಬ್ಬ, ‘ಇಲ್ಲ ಗುರು, ಒಂದು-ಸೊನ್ನೆ, ನಿಮ್ಮ ಆ ಗೋಲು ಬಿಟ್ಟಾಯ್ತಲ್ಲ’ ಅಂತ ಇನ್ನೊಬ್ಬ. ನನ್ನ ಕೆಲಸದ ಗುಣವೋ ಏನೋ, 2023ರ ಫೆಬ್ರುವರಿಯ ಒಂದು ಭಾನುವಾರ ನಾನು ಹೊರಗೆ ಕೂತಾಗಲೂ ಒಳಗೆ ನಿಂತಾಗಲೂ ಫೋನಿನಲ್ಲಿ ಸಮಯ ಗುರುತು ಹಾಕಿಕೊಂಡೆ. ತೊಂಬತ್ತು ನಿಮಿಷದಲ್ಲಿ ಹದಿನೇಳು ನಿಮಿಷ ನಾವು ನಿಂತುಕೊಂಡು ವಾದ ಮಾಡಿದ್ದೆವು. ಎಂಟು ನಿಮಿಷದ ಲೆಕ್ಕದಲ್ಲಿ ಎರಡು ಆಟ ವಾದಕ್ಕೇ ಹೋಗಿತ್ತು.

ಆಮೇಲೆ ಆ ವಾರಾಂತ್ಯ ಬಂತು. ಕರ್ನಾಟಕದಲ್ಲಿ ಫುಟ್ಬಾಲ್ ನೋಡುವವರು ಅದನ್ನು ಮರೆಯಲಿಕ್ಕಿಲ್ಲ. ಮಾರ್ಚ್ 3, ಶುಕ್ರವಾರ ರಾತ್ರಿ, ಕಂಠೀರವ ಸ್ಟೇಡಿಯಮ್ಮು. ಇಂಡಿಯನ್ ಸೂಪರ್ ಲೀಗಿನ ನಾಕೌಟ್ ಪಂದ್ಯ, ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್. ತೊಂಬತ್ತು ನಿಮಿಷ ಯಾರೂ ಗೋಲು ಹಾಕಲಿಲ್ಲ. ಹೆಚ್ಚುವರಿ ಸಮಯದಲ್ಲಿ, 96ನೇ ನಿಮಿಷ, ಪೆನಾಲ್ಟಿ ಬಾಕ್ಸಿನ ಹೊರಗೆ ಬೆಂಗಳೂರಿಗೆ ಫ್ರೀ ಕಿಕ್, ಅಂದರೆ ಫೌಲಿಗೆ ಸಿಗುವ ಒದೆತ. ಬ್ಲಾಸ್ಟರ್ಸ್ ಹುಡುಗರು ಇನ್ನೂ ಚೆಂಡಿಗೆ ಅಡ್ಡ ಸಾಲಾಗಿ ನಿಂತು ಗೋಡೆ ಕಟ್ಟಿಕೊಳ್ಳುತ್ತಿದ್ದರು, ಕೀಪರ್ ಇನ್ನೂ ಕೈ ತೋರಿಸಿ ಜಾಗ ಹೇಳುತ್ತಿದ್ದರು, ಅಷ್ಟರಲ್ಲಿ ಬೆಂಗಳೂರಿನ ಸುನಿಲ್ ಛೆಟ್ರಿ ಸೀಟಿಗೆ ಕಾಯದೆ ಚೆಂಡನ್ನು ಬಲೆಗೆ ಹಾಕಿಬಿಟ್ಟರು. ರೆಫರಿ ಗೋಲು ಅಂದರು. ಬ್ಲಾಸ್ಟರ್ಸ್ ಕೋಚ್ ಇವಾನ್ ವುಕೊಮನೊವಿಚ್ ತಮ್ಮ ಟೀಮನ್ನು ಮೈದಾನದಿಂದ ಹೊರಕ್ಕೆ ಕರೆದುಕೊಂಡು ಹೋದರು. ನಾನು ಸ್ಟ್ಯಾಂಡಿನಲ್ಲಿ ಇದ್ದೆ. ನನ್ನ ಪಕ್ಕದವರು ಕುಣಿಯುತ್ತಿದ್ದರು. ಕೆಳಗೆ ಒಂದು ಟೀಮಿಲ್ಲದ ಮೈದಾನ ಕಾಣುತ್ತಿತ್ತು. ನಮ್ಮೂರ ಟೀಮು ಸೆಮಿಫೈನಲಿಗೆ ಹೋದ ರಾತ್ರಿ ನನಗೆ ಕುಣಿಯಲಾಗಲಿಲ್ಲ. ತಿಂಗಳ ಕೊನೆಗೆ ಫುಟ್ಬಾಲ್ ಫೆಡರೇಷನ್ ಬ್ಲಾಸ್ಟರ್ಸಿಗೆ 4 ಕೋಟಿ ರೂಪಾಯಿ ದಂಡ ಹಾಕಿತು, ಕೋಚಿಗೆ 10 ಪಂದ್ಯದ ನಿಷೇಧ.

ಮಾರನೆಯ ದಿನ, ಶನಿವಾರ, ರಿಯಾದಿನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿ, ರಾಜ್ಯ ತಂಡಗಳು ಆಡುವ ಸಂತೋಷ್ ಟ್ರೋಫಿ ಗೆದ್ದಿತು. 54 ವರ್ಷದ ನಂತರ! ಈ ಹಿಂದೆ ಗೆದ್ದಾಗ ನಮ್ಮದು ಇನ್ನೂ ಮೈಸೂರು ರಾಜ್ಯ. ಭಾನುವಾರ ಬೆಳಿಗ್ಗೆ ನಮ್ಮ ಟರ್ಫಿನಲ್ಲಿ ಆ ಗೆಲುವಿನ ಮಾತು ನಡೆಯಬೇಕಿತ್ತು. ನಡೆದದ್ದು ಶುಕ್ರವಾರದ ಮಾತು.

ಮೂರನೇ ಆಟ ಅಂತ ನೆನಪು. ನಮ್ಮ ಹಾರ್ಡ್‌ವೇರ್ ಅಂಗಡಿಯವರನ್ನು ಯಾರೋ ಕೆಡವಿದರು, ಎಲ್ಲರೂ ಫೌಲ್ ಒಪ್ಪಿದರು. ಅವರು ಎದ್ದು ಮಣ್ಣು ಕೊಡವಿಕೊಳ್ಳುವ ಮೊದಲೇ ಅವರ ಟೀಮಿನ ಒಬ್ಬ ಹುಡುಗ ಚೆಂಡು ಇಟ್ಟವನೇ ಒದ್ದ. ನಾನು ಎದುರು ಗೋಲಿನಲ್ಲಿದ್ದೆ, ನನ್ನ ಬೆನ್ನು ಆಟದ ಕಡೆಗಿತ್ತು. ಗೋಲು. ‘ವಿಸಿಲ್ ಆಗಿಲ್ಲ!’ ಅಂತ ನಮ್ಮ ಟೀಮಿನ ಕೇರಳದ ಗೆಳೆಯ ಕೂಗಿದ. ‘ವಿಸಿಲ್ ಬೇಕಾಗಿಲ್ಲ, ಮೊನ್ನೆ ನೋಡಿಲ್ವಾ?’ ಅಂತ ಆ ಕಡೆಯಿಂದ ಉತ್ತರ. ಮುಂದೆ ಏನಾಯಿತು ಅಂತ ವಿವರಿಸಲು ನನಗೆ ಮನಸ್ಸಿಲ್ಲ. ಊರಿನ ಹೆಸರು ಬಂತು, ಭಾಷೆಯ ಹೆಸರು ಬಂತು. ಕೇರಳದ ಆ ಗೆಳೆಯ ಮತ್ತು ಅವನ ಇಬ್ಬರು ಸ್ನೇಹಿತರು ಬೂಟು ಬಿಚ್ಚಿ, ಬ್ಯಾಗು ಹೆಗಲಿಗೆ ಹಾಕಿ, ಯಾರ ಮುಖವನ್ನೂ ನೋಡದೆ ಹೋದರು. ಮೂವರು ಒಂದು ತಿಂಗಳು ಬರಲಿಲ್ಲ. ಐದು ವರ್ಷದಿಂದ ನನ್ನ ಮುಂದೆ ಡಿಫೆನ್ಸ್ ಆಡಿದವನು ಅವನು. ನನ್ನ ಮಂಡಿಯ ಆಪರೇಷನ್ ಆದಾಗ ಮನೆಗೆ ಬಂದು ನೋಡಿಕೊಂಡು ಹೋದವನು.

ಆವತ್ತು ಮನೆಗೆ ಬಂದು ನಿಯಮ ಹುಡುಕಿ ಓದಿದೆ. ಫೌಲಾದ ಟೀಮು ಬೇಗ ಒದೆಯಬೇಕೆಂದರೆ ಒದೆಯಬಹುದು, ಅದಕ್ಕೆ ಸೀಟಿ ಬೇಕಿಲ್ಲ. ಆದರೆ ರೆಫರಿ ಮಧ್ಯೆ ಬಂದು ಗೋಡೆ ಸರಿಸಲು ಶುರುಮಾಡಿ ‘ನಾನು ಊದುವವರೆಗೆ ಕಾಯಿ’ ಅಂದಮೇಲೆ ಸೀಟಿ ಊದದೆ ಒದೆಯುವಂತಿಲ್ಲ. ಅಂದರೆ ಇಡೀ ವಿಷಯ ನಿಂತಿರುವುದು ಒಬ್ಬ ಮನುಷ್ಯ ಮತ್ತು ಅವನ ಕೈಯಲ್ಲಿರುವ ಸೀಟಿಯ ಮೇಲೆ. ನಮ್ಮಲ್ಲಿ ಆ ಮನುಷ್ಯನೂ ಇರಲಿಲ್ಲ, ಸೀಟಿಯೂ ಇರಲಿಲ್ಲ.

ಮೊದಲು ಕೊಂಡದ್ದು ಸ್ಟೇಷನರಿ ಅಂಗಡಿಯ ಮೂವತ್ತು ರೂಪಾಯಿಯ ಸ್ಟೀಲ್ ಸೀಟಿ. ಮಂಗಳೂರಿನಲ್ಲಿ ನಮ್ಮ ಶಾಲೆಯ ಪಿ.ಟಿ. ಮಾಸ್ಟ್ರು ಕೆಂಪು ದಾರದಲ್ಲಿ ನೇತುಹಾಕಿಕೊಳ್ಳುತ್ತಿದ್ದ ಜಾತಿಯದು. ಅದರ ಹೊಟ್ಟೆಯಲ್ಲಿ ಒಂದು ಸಣ್ಣ ಕಾಳು ಇರುತ್ತದೆ. ಊದಿದಾಗ ಅದು ಸುತ್ತಿ ಗಾಳಿಯನ್ನು ತಡೆದು ತಡೆದು ಬಿಡುವುದರಿಂದಲೇ ‘ಪುರ್‌ರ್’ ಅನ್ನುವ ನಡುಕ ಬರುವುದು. ನಾಲ್ಕು ಜನ ಊದಿದ ಮೇಲೆ ಉಗುಳು ತುಂಬಿ ಕಾಳು ಅಂಟಿಕೊಂಡಿತು. ಮಳೆಗಾಲದಲ್ಲಿ ಮಾಸ್ಟ್ರ ಸೀಟಿಯೂ ಹೀಗೇ ಕೈಕೊಡುತ್ತಿತ್ತು. ಅವರು ಅದನ್ನು ಅಂಗೈಗೆ ತಟ್ಟಿ ತಟ್ಟಿ ಸರಿಮಾಡುವ ಹೊತ್ತಿಗೆ ನೆಹರೂ ಮೈದಾನದ ಕೆಸರಿನಲ್ಲಿ ನಾವು ಅರ್ಧ ಮೈದಾನ ಓಡಿರುತ್ತಿದ್ದೆವು.

ಎರಡನೆಯದು ಆನ್‌ಲೈನಿನಲ್ಲಿ ತೊಂಬತ್ತು ರೂಪಾಯಿಗೆ ಸಿಕ್ಕಿದ್ದು. ಫೋಟೋದಲ್ಲಿ ಫಾಕ್ಸಿನ ಹಾಗೇ ಇತ್ತು. ಕೈಗೆ ಬಂದದ್ದು ಅಂಚಿನಲ್ಲಿ ಪ್ಲಾಸ್ಟಿಕ್ ಚೂರು ಎದ್ದಿರುವ ನಕಲು. ಊದಿದರೆ ಒಡಕು ದನಿ, ತುಟಿಗೆ ಗೀರು. ಮಾರಿದವರು ವಾಪಸ್ ತೆಗೆದುಕೊಳ್ಳಲಿಲ್ಲ. ಆದ್ದರಿಂದ ಕೊಳ್ಳುವವರಿಗೆ ಒಂದು ಮಾತು: ಬೆಲೆ ನೂರರ ಕೆಳಗಿದ್ದರೆ ಅದು ಇದಲ್ಲ. ಅಚ್ಚಿನ ಅಕ್ಷರ ಚೊಕ್ಕಟವಾಗಿದೆಯಾ ನೋಡಿ, ಎರಡು ಭಾಗ ಸೇರಿದ ಗೆರೆಯ ಮೇಲೆ ಉಗುರು ಆಡಿಸಿ ನೋಡಿ. ಸಾಧ್ಯವಾದರೆ ಸ್ಪೋರ್ಟ್ಸ್ ಅಂಗಡಿಗೇ ಹೋಗಿ ಕೈಯಲ್ಲಿ ಹಿಡಿದು ಕೊಳ್ಳಿ.

ಮೂರನೆಯದು ಅಸಲಿ. ಇದರೊಳಗೆ ಕಾಳಿಲ್ಲ. ಹೊಟ್ಟೆಯಲ್ಲಿ ಮೂರು ಗೂಡುಗಳಿವೆ. ಮೂರರ ಸ್ವರವೂ ಬೇರೆ ಬೇರೆ, ಮೂರೂ ಒಂದಕ್ಕೊಂದು ತಾಗಿ ಆ ನಡುಕ ಹುಟ್ಟುತ್ತದೆ. ಅಲುಗುವ ಭಾಗವೇ ಇಲ್ಲದ್ದರಿಂದ ಅಂಟಿಕೊಳ್ಳುವ ಮಾತಿಲ್ಲ. ಇದನ್ನು ಮಾಡಿಸಿದವರು ಕೆನಡಾದ ರಾನ್ ಫಾಕ್ಸ್‌ಕ್ರಾಫ್ಟ್, ಬ್ಯಾಸ್ಕೆಟ್‌ಬಾಲ್ ರೆಫರಿ. 1984ರಲ್ಲಿ ಬ್ರೆಜಿಲಿನಲ್ಲಿ ಒಲಿಂಪಿಕ್ ಅರ್ಹತಾ ಪಂದ್ಯವೊಂದರಲ್ಲಿ ಅವರು ಫೌಲ್ ನೋಡಿ ಊದಿದಾಗ ಕಾಳು ಸಿಕ್ಕಿಕೊಂಡು ದನಿಯೇ ಹೊರಡಲಿಲ್ಲ. ಆ ಸಂಕಟದಿಂದ ಹುಟ್ಟಿ 1987ರಲ್ಲಿ ಹೊರಬಂದದ್ದು ಈ ಸೀಟಿ. ದನಿ 115 ಡೆಸಿಬೆಲ್ ಅಂತ ಕಂಪನಿ ಹೇಳುತ್ತದೆ. ನನ್ನ ಬಳಿ ಅಳೆಯುವ ಸಾಧನವಿಲ್ಲ. ಆರು ಜನ ಒಟ್ಟಿಗೆ ಕಿರುಚುತ್ತಿರುವಾಗ ಊದಿದರೆ ಆರೂ ಬಾಯಿ ಮುಚ್ಚುತ್ತವೆ, ಅಷ್ಟು ಹೇಳಬಲ್ಲೆ. ಮಳೆಯಲ್ಲಿ ಊದಿದ್ದೇವೆ, ಬಕೆಟ್ಟಿನ ನೀರಿಗೆ ಬಿದ್ದದ್ದನ್ನು ತೆಗೆದು ಕೊಡವಿ ಊದಿದ್ದೇವೆ. ಒಮ್ಮೆಯೂ ಕೈಕೊಟ್ಟಿಲ್ಲ.

ವಸ್ತುವಿನ ವಿಮರ್ಶೆ ಇಲ್ಲಿಗೆ ಮುಗಿಯಬಹುದಿತ್ತು. ಆದರೆ ಈ ಸೀಟಿ ಮೊದಲ ಮೂರು ಭಾನುವಾರ ನಮ್ಮಲ್ಲಿ ಜಗಳ ಕಡಿಮೆ ಮಾಡಲಿಲ್ಲ, ಜಾಸ್ತಿ ಮಾಡಿತು. ಯಾಕೆಂದರೆ ಸೀಟಿ ನನ್ನ ಕುತ್ತಿಗೆಯಲ್ಲಿತ್ತು. ನಾನು ಗೋಲಿನಲ್ಲಿ ನಿಂತು ಆಡುತ್ತಾ ಊದುತ್ತಿದ್ದೆ. ಆಡುವವನೇ ತೀರ್ಪು ಕೊಟ್ಟರೆ ಯಾರು ನಂಬುತ್ತಾರೆ? ‘ಅಣ್ಣಾ, ನಿಮ್ಮ ಟೀಮಿಗೆ ಬೇಕಾದಾಗ ಮಾತ್ರ ಕೇಳ್ಸುತ್ತೆ ನಿಮ್ಮ ವಿಸಿಲ್ಲು’ ಅಂತ ಒಬ್ಬ ಮುಖಕ್ಕೆ ಹೇಳಿದ. ಅವನು ಹೇಳಿದ್ದು ನಿಜ.

ಫುಟ್ಬಾಲಿನ ಇತಿಹಾಸವೂ ಇದೇ ದಾರಿಯಲ್ಲಿ ನಡೆದು ಬಂದಿದೆ ಅಂತ ಆಮೇಲೆ ಓದಿ ನನಗೆ ಸಮಾಧಾನವಾಯಿತು. ಇಂಗ್ಲೆಂಡಿನಲ್ಲಿ ಮೊದಮೊದಲು ಒಂದೊಂದು ಟೀಮಿನ ಕಡೆಯಿಂದ ಒಬ್ಬೊಬ್ಬ ಅಂಪೈರ್ ಇರುತ್ತಿದ್ದರು. ಆಟಗಾರರು ಕೇಳಿದರೆ ಮಾತ್ರ ಅವರು ತೀರ್ಪು ಹೇಳಬೇಕು, ಕ್ರಿಕೆಟ್ಟಿನಲ್ಲಿ ಅಪೀಲು ಮಾಡುವ ಹಾಗೆ. ಇಬ್ಬರೂ ಒಪ್ಪದಿದ್ದರೆ ಗೆರೆಯ ಹೊರಗೆ ನಿಂತಿದ್ದ ಮೂರನೆಯವನನ್ನು ಕೇಳುತ್ತಿದ್ದರು. ಆ ಮೂರನೆಯವನೇ ರೆಫರಿ. ಅವನನ್ನು ಸೀಟಿಯ ಸಮೇತ ಮೈದಾನದ ಒಳಗೆ ತಂದದ್ದು 1891ರಲ್ಲಿ, ಪೆನಾಲ್ಟಿ ಕಿಕ್ ಬಂದ ವರ್ಷವೂ ಅದೇ. ಎರಡೂ ಕಡೆಯವರಲ್ಲದವನು ಬೇಕು ಅಂತ ಅವರಿಗೆ ಗೊತ್ತಾಗಲು ಅಷ್ಟು ವರ್ಷ ಬೇಕಾಯಿತು.

ನಮ್ಮಲ್ಲಿ ಎರಡೂ ಕಡೆಯವರಲ್ಲದವರು ಪ್ರತಿ ಆಟದಲ್ಲೂ ಆರು ಜನ ಇದ್ದರು! ಬಲೆಯ ಆಚೆ ಕೂತು ನೀರು ಕುಡಿಯುತ್ತಾ ಫೋನು ನೋಡುತ್ತಿದ್ದ ಮೂರನೇ ಟೀಮು. ಸೀಟಿ ಅವರ ಕೈಗೆ ಹೋಯಿತು. ಹೊರಗಿರುವ ಟೀಮು ಒಬ್ಬನನ್ನು ಒಳಗೆ ಕಳಿಸಬೇಕು. ಎಂಟು ನಿಮಿಷ ಅವನೇ ರೆಫರಿ, ಅವನ ಮಾತೇ ಕೊನೆ. ಸಮಯ ನೋಡುವುದೂ ಅವನೇ. ಪ್ರತಿ ಗೋಲಿನ ನಂತರ ಸ್ಕೋರನ್ನು ಗಟ್ಟಿಯಾಗಿ ಹೇಳುವುದೂ ಅವನೇ. ಸ್ಕೋರಿನ ಜಗಳ ಅವತ್ತೇ ಸತ್ತಿತು. ಆಮೇಲೆ ಒಂದು ಸಲವೂ ಎದ್ದಿಲ್ಲ.

ಬೇರೆ ಜಗಳಗಳು ಅಷ್ಟು ಸುಲಭಕ್ಕೆ ಸಾಯಲಿಲ್ಲ. ಏಪ್ರಿಲಿನ ಒಂದು ಭಾನುವಾರ ಸೀಟಿ ಹಿಡಿದವನು ನಮ್ಮ ಪಿಯುಸಿ ಹುಡುಗರಲ್ಲಿ ಚಿಕ್ಕವನು, ಹದಿನೇಳು ವರ್ಷ, ಮಾತು ಕಡಿಮೆ. ಕೊನೆಯ ನಿಮಿಷದಲ್ಲಿ ನಮ್ಮ ಗೋಲಿನ ಮುಂದೆ ಚೆಂಡು ನಮ್ಮವನೊಬ್ಬನ ಕೈಗೆ ಬಡಿಯಿತು. ಹುಡುಗ ಊದಿ ಪೆನಾಲ್ಟಿ ತೋರಿಸಿದ. ಎಂಟು ಜನ ಅವನನ್ನು ಮುತ್ತಿದರು. ಎಂಟರಲ್ಲಿ ನಾನೂ ಒಬ್ಬ. ‘ಕೈ ಮೈಗೆ ಅಂಟಿಕೊಂಡಿತ್ತಲ್ಲೋ, ನಿಯಮ ಗೊತ್ತೇನೋ ನಿನಗೆ?’ ಅಂತ ನಾನೇ ಕೇಳಿದೆ. ನನ್ನ ದನಿ ಎಷ್ಟು ಏರಿತ್ತು ಅಂತ ನನಗೆ ತಿಳಿದದ್ದು ಅವನ ಕಣ್ಣು ನೋಡಿದಾಗ. ಅವನು ಏನೂ ಹೇಳಲಿಲ್ಲ. ದಾರವನ್ನು ಕುತ್ತಿಗೆಯಿಂದ ತೆಗೆದ, ಸೀಟಿಯನ್ನು ಹುಲ್ಲಿನ ಮೇಲೆ ಮೆಲ್ಲಗೆ ಇಟ್ಟ, ಹೊರಗೆ ಹೋಗಿ ಕೂತ. ನನ್ನ ಮಗಳಿಗೂ ಹೆಚ್ಚುಕಡಿಮೆ ಅದೇ ವಯಸ್ಸು. ಅವಳನ್ನು ಯಾರಾದರೂ ಎಂಟು ಜನ ಗಂಡಸರು ಹಾಗೆ ಸುತ್ತುವರಿದಿದ್ದರೆ ನಾನು ಏನು ಮಾಡುತ್ತಿದ್ದೆ? ಆವತ್ತು ಆಟ ಮುಗಿದ ಮೇಲೆ ಟೀ ಅಂಗಡಿಯಲ್ಲಿ ಅವನ ಪಕ್ಕದಲ್ಲಿ ಕೂತು ತಪ್ಪಾಯಿತು ಅಂದೆ. ‘ಪರವಾಗಿಲ್ಲ ಅಂಕಲ್, ನಂಗೂ ಸರಿಯಾಗಿ ಕಾಣ್ಲಿಲ್ಲ’ ಅಂದ. ಅದು ನನ್ನನ್ನು ಇನ್ನೂ ಚುಚ್ಚಿತು.

ಅದೇ ಟೀ ಅಂಗಡಿಯ ಮುಂದೆ ನಿಂತು ಎರಡು ಕಟ್ಟಳೆ ಮಾಡಿದೆವು. ಒಂದು: ಸೀಟಿ ಹಿಡಿದವನ ಹತ್ತಿರ ಮಾತಾಡುವವನು ಟೀಮಿಗೆ ಒಬ್ಬನೇ, ಕ್ಯಾಪ್ಟನ್. (2024ರ ಯೂರೋ ಕಪ್ಪಿನಲ್ಲಿ ಇದೇ ನಿಯಮ ತಂದಾಗ ನಮ್ಮ ಗುಂಪಿನಲ್ಲಿ ಎಲ್ಲರಿಗೂ ಹೆಮ್ಮೆ ಆಯಿತು.) ಇನ್ನೊಂದು: ಕ್ಯಾಪ್ಟನ್ ಅಲ್ಲದವನು ಕೂಗಾಡಿದರೆ, ಮುಂದೆ ಅವನ ಟೀಮು ಹೊರಗೆ ಬಂದಾಗ ಸೀಟಿ ಅವನದೇ. ಬೈದವನ ಕೈಗೇ ಸೀಟಿ.

ಈ ಎರಡನೆಯ ಕಟ್ಟಳೆಯ ಫಲವನ್ನು ನಾನು ಕಣ್ಣಾರೆ ನೋಡಿದ್ದೇನೆ. ನಮ್ಮ ಗುಂಪಿನಲ್ಲಿ ಎಲ್ಲರಿಗಿಂತ ಜೋರು ಗಂಟಲು ನಮ್ಮ ಡೆಂಟಿಸ್ಟರದು. ಒಳ್ಳೆಯ ಮನುಷ್ಯ, ಆಟದಲ್ಲಿ ಮಾತ್ರ ಬೇರೆಯವರಾಗಿಬಿಡುತ್ತಾರೆ. ಮೊದಲ ತಿಂಗಳು ಸೀಟಿ ಹೆಚ್ಚುಕಡಿಮೆ ಅವರ ಕುತ್ತಿಗೆಯಲ್ಲೇ ಇತ್ತು. ಮೂರನೇ ವಾರ ಅವರು ಊದಿದ ಒಂದು ಫೌಲಿಗೆ ಎರಡೂ ಟೀಮಿನವರು ತಲೆ ಚಚ್ಚಿಕೊಂಡರು. ಆಟ ಮುಗಿಸಿ ಬಂದು ನನ್ನ ಹತ್ತಿರ ಹೇಳಿದರು: ‘ಇಬ್ಬರ ಕಾಲೂ ಒಟ್ಟಿಗೇ ಹೋಗುತ್ತೆ ಕಣ್ರಿ. ಚೆಂಡು ಮೊದಲಾ, ಕಾಲು ಮೊದಲಾ, ಗೊತ್ತೇ ಆಗಲ್ಲ. ಆದ್ರೂ ಏನೋ ಒಂದು ಹೇಳ್ಬೇಕು.’ ಆಡುವಾಗ ಎಲ್ಲರಿಗೂ ಎಲ್ಲವೂ ಸ್ಪಷ್ಟವಾಗಿ ಕಾಣುತ್ತದೆ. ಸೀಟಿ ಹಿಡಿದು ಹತ್ತು ಹೆಜ್ಜೆ ದೂರದಲ್ಲಿ ನಿಂತವನಿಗೆ ಮಾತ್ರ, ಕಂಡದ್ದು ಎಷ್ಟು ಕಡಿಮೆ ಅಂತ ಅರ್ಥವಾಗುತ್ತದೆ. ಆಮೇಲೆ ಅವರ ಕೂಗಾಟ ನಿಂತಿತು ಅಂತ ಹೇಳಲಾರೆ. ಅರ್ಧವಾಯಿತು. ಅರ್ಧ ಕೂಗಿ ಬಾಯಿ ಮುಚ್ಚಿಕೊಂಡು ಕೈ ಎತ್ತಿಬಿಡುತ್ತಾರೆ.

ಒರಟು ಟ್ಯಾಕಲಿಗೆ ಈ ಸೀಟಿ ಹೇಗೆ ನೆರವಾಗುತ್ತದೆ ಅಂತಲೂ ಹೇಳಬೇಕು. ಟರ್ಫಿನಲ್ಲಿ ಸ್ಲೈಡಿಂಗ್, ಅಂದರೆ ನೆಲದ ಮೇಲೆ ಜಾರಿ ಬಂದು ಚೆಂಡು ಕಸಿಯುವುದು, ನಿಷಿದ್ಧ. ಚರ್ಮ ಸುಟ್ಟ ಹಾಗೆ ಕಿತ್ತುಬರುತ್ತದೆ, ಎದುರಿನವನ ಪಾದ ರಬ್ಬರಿನ ಹುಲ್ಲಿಗೆ ಸಿಕ್ಕಿಕೊಂಡು ಮಂಡಿ ತಿರುಗುತ್ತದೆ. ನನ್ನ ಮಂಡಿ ಹೋದದ್ದು ಹಾಗೇ. ಆದರೂ ಬಿಸಿಯಲ್ಲಿ ಯಾರಾದರೂ ಜಾರುತ್ತಾರೆ. ಕಾಲಿಗೆ ಬಿದ್ದ ಪೆಟ್ಟಿನಿಂದ ಮೊದಲ ತಳ್ಳಾಟದವರೆಗೆ ಇರುವುದು ಒಂದೆರಡು ಸೆಕೆಂಡು. ಆ ಸಂದಿಯಲ್ಲಿ ಸೀಟಿಯ ದನಿ ಕಿವಿಗೆ ಬಡಿದರೆ ಬಿದ್ದವನಿಗೆ ‘ಯಾರೋ ನೋಡಿದರು’ ಅನ್ನುವುದು ಗೊತ್ತಾಗುತ್ತದೆ. ತಾನೇ ಎದ್ದು ನ್ಯಾಯ ಕೇಳುವ ಅಗತ್ಯ ಅವನಿಗೆ ಉಳಿಯುವುದಿಲ್ಲ. ಹಳೆಯ ಕಾಳಿನ ಸೀಟಿ ಈ ಕೆಲಸ ಮಾಡಲಾರದು. ಊದಲು ಶುರುಮಾಡಿ ದನಿ ಕಟ್ಟುವಷ್ಟರಲ್ಲಿ ತಡವಾಗಿರುತ್ತದೆ. ಇದು ತುಟಿಗೆ ಇಟ್ಟ ಕ್ಷಣಕ್ಕೆ ಸಿಡಿಯುತ್ತದೆ. ನನ್ನ ಮಟ್ಟಿಗೆ 450 ರೂಪಾಯಿ ಕೊಟ್ಟದ್ದು ಆ ಒಂದು ಸೆಕೆಂಡಿಗೆ.

ಸೀಟಿಯ ಜೊತೆ ಹಳದಿ, ಕೆಂಪು ಕಾರ್ಡಿನ ಒಂದು ಜೊತೆಯನ್ನೂ ಕೊಂಡಿದ್ದೆ. ಅದನ್ನು ಕೊಳ್ಳಿ ಅಂತ ನಾನು ಯಾರಿಗೂ ಹೇಳುವುದಿಲ್ಲ, ಕೊಳ್ಳಬೇಡಿ ಅಂತಲೇ ಹೇಳುತ್ತೇನೆ. ಟ್ರಾಫಿಕ್ ಲೈಟು ನೋಡಿ ಕೆನ್ ಆಸ್ಟನ್ ಎಂಬ ಇಂಗ್ಲಿಷ್ ರೆಫರಿಗೆ ಹೊಳೆದ ಯೋಚನೆ ಅದು, 1970ರ ವಿಶ್ವಕಪ್ಪಿನಲ್ಲಿ ಜಾರಿಗೆ ಬಂತು. ಭಾಷೆ ಗೊತ್ತಿಲ್ಲದ ಆಟಗಾರನಿಗೂ ತೀರ್ಪು ತಿಳಿಯಲಿ ಅಂತ. ನಮ್ಮಲ್ಲಿ ಭಾಷೆಯ ತೊಂದರೆ ಇಲ್ಲ. ವಾರವಿಡೀ ಆಫೀಸಿನಲ್ಲಿ ಮಾತು ಕೇಳಿ ಬಂದವನ ಮುಖದ ಮುಂದೆ ಗೆಳೆಯನೇ ಕಾರ್ಡು ಎತ್ತಿ ಹಿಡಿದರೆ ಅದು ಅವಮಾನವಾಗಿ ಕಾಣುತ್ತದೆ. ಎರಡೇ ಸಲ ಬಳಸಿದೆವು. ಎರಡೂ ಸಲ ಜಗಳ ಹೆಚ್ಚಿತು. ಬದಲಿಗೆ ಈಗ ‘ಎರಡು ನಿಮಿಷ ಹೊರಗೆ’ ಮಾಡಿಕೊಂಡಿದ್ದೇವೆ. ಇಂಗ್ಲೆಂಡಿನ ತಳಮಟ್ಟದ ಲೀಗುಗಳಲ್ಲಿ 2019ರಿಂದ ರೆಫರಿಗೆ ಎದುರುಮಾತಾಡಿದವನನ್ನು ಹತ್ತು ನಿಮಿಷ ಹೊರಗೆ ಕೂರಿಸುವ ಪದ್ಧತಿ ಇದೆ. ಎಂಟು ನಿಮಿಷದ ನಮ್ಮ ಆಟಕ್ಕೆ ಎರಡು ನಿಮಿಷ ಸರಿಹೋಗುತ್ತದೆ. ಹೊರಗೆ ಹೋದವನು ನೀರು ಕುಡಿದು ಬರುತ್ತಾನೆ. ಅಷ್ಟರಲ್ಲಿ ಸಿಟ್ಟು ಇಳಿದಿರುತ್ತದೆ, ಅವನ ಟೀಮು ಐದೇ ಜನರಲ್ಲಿ ಒದ್ದಾಡಿರುತ್ತದೆ, ಯಾರೂ ಏನೂ ಹೇಳಬೇಕಾಗಿಲ್ಲ.

ಈಗ ತೊಂದರೆಗಳು. ನಮ್ಮ ಟರ್ಫಿನಲ್ಲಿ ಎರಡು ಅಂಕಣಗಳು ಪಕ್ಕಪಕ್ಕ ಇವೆ, ಮಧ್ಯೆ ಒಂದು ಬಲೆ ಮಾತ್ರ. ನಾವು ಊದಿದರೆ ಪಕ್ಕದವರೂ ನಿಂತುಬಿಡುತ್ತಾರೆ. ಒಮ್ಮೆ ಆ ಕಡೆಯ ಒಬ್ಬ ಗೋಲಿನ ಮುಂದೆ ಒಬ್ಬಂಟಿಯಾಗಿ ಚೆಂಡು ಹಿಡಿದಿದ್ದವನು ನಮ್ಮ ಸೀಟಿ ಕೇಳಿ ನಿಂತ. ಕೀಪರ್ ಬಂದು ಚೆಂಡು ಎತ್ತಿಕೊಂಡ. ಅಲ್ಲಿ ಶುರುವಾದ ಜಗಳ ನಮ್ಮ ಮೇಲೆ ಬಂತು. ಇದಕ್ಕೂ ನಿಯಮ ಪುಸ್ತಕದಲ್ಲಿ ಉತ್ತರ ಇದೆ: ನೋಡಲು ಬಂದವರು ಯಾರೋ ಸೀಟಿ ಊದಿ ಆಟಕ್ಕೆ ಅಡ್ಡಿಯಾದರೆ ರೆಫರಿ ಆಟ ನಿಲ್ಲಿಸಿ ಚೆಂಡು ಕೆಳಗೆ ಬಿಟ್ಟು ಮತ್ತೆ ಶುರುಮಾಡಬೇಕು. ಅವರಿಗೆ ಹಾಗೇ ಹೇಳಿದೆವು, ಕ್ಷಮೆ ಕೇಳಿದೆವು. ಅಂದಿನಿಂದ ಫೌಲಿಗೆ ‘ಪೀ-ಪೀ’ ಅಂತ ಎರಡು ಚಿಕ್ಕ ಊದು, ಅದು ನಮ್ಮ ಗುರುತು. ಪಕ್ಕದ ಅಂಕಣಕ್ಕೆ ಬರುವವರಿಗೆ ಮೊದಲೇ ಹೇಳಿಬಿಡುತ್ತೇವೆ.

ಇನ್ನೊಂದು, ಅಕ್ಕಪಕ್ಕದ ಮನೆಗಳು. ಟರ್ಫ್ ನೋಡಿಕೊಳ್ಳುವ ಹುಡುಗ ಕೊಪ್ಪಳದ ಕಡೆಯವನು. ಎರಡನೇ ವಾರಕ್ಕೇ ಬಂದು ಹೇಳಿದ: ‘ಸರ, ಏಳರತನ ಹಂಗ ಜೋರ್ ಊದಬ್ಯಾಡ್ರಿ, ಹಿಂದಿನ ಮನಿ ಅಜ್ಜಾರು ಮಲಗಿರ್ತಾರ್ರಿ.’ ಇದು ಸೀಟಿಯ ದೋಷವಲ್ಲ. ಅದು ಹುಟ್ಟಿದ್ದೇ ತುಂಬಿದ ಸ್ಟೇಡಿಯಮ್ಮಿನ ಗದ್ದಲವನ್ನು ಸೀಳಲು. ಮೆತ್ತಗೆ ಊದಿದರೆ ಅದರ ನಡುಕ ಹೋಗಿ ಬರೀ ಸಣ್ಣ ದನಿ ಬರುತ್ತದೆ, ಕೇಳಿಸುವುದಂತೂ ಕೇಳಿಸುತ್ತದೆ. ಏಳು ಗಂಟೆಯವರೆಗೆ ಹಾಗೆ ಊದುತ್ತೇವೆ. ಅಭ್ಯಾಸವಿಲ್ಲದವರಿಗೆ ಅಷ್ಟು ಹಿಡಿತ ಬರಲು ಎರಡು ಮೂರು ವಾರ ಬೇಕು. ಊದುವವನ ಪಕ್ಕ ನಿಂತವರ ಕಿವಿಗೂ ಇದು ಒಳ್ಳೆಯದಲ್ಲ, ಮುಖ ತಿರುಗಿಸಿ ಊದಲು ಹೇಳಿಕೊಡಿ.

ಎಂಜಲಿನ ಪ್ರಶ್ನೆಯನ್ನು ಎಲ್ಲರೂ ಕೇಳುತ್ತಾರೆ, ಕೇಳಬೇಕಾದದ್ದೇ. ಒಂದೇ ಸೀಟಿ ಒಂದು ಬೆಳಿಗ್ಗೆ ಎಂಟು ಹತ್ತು ಬಾಯಿಗೆ ಹೋಗುತ್ತದೆ. ಮೊದಲು ಸ್ಯಾನಿಟೈಸರ್ ಹಾಕಿ ಒರೆಸುತ್ತಿದ್ದೆವು, ಕಹಿ ಉಳಿಯುತ್ತಿತ್ತು. ಈಗ ಮೂರು ಟೀಮಿಗೆ ಮೂರು ಸೀಟಿ ಇವೆ, ಪ್ರತಿ ಸಲ ನಲ್ಲಿಯ ಕೆಳಗೆ ಸೋಪು ಹಾಕಿ ತೊಳೆಯುತ್ತೇವೆ. ಕಾಳಿಲ್ಲದ್ದರಿಂದ ಒಳಗೆಲ್ಲ ನೀರು ಹರಿದು ಹೋಗುತ್ತದೆ, ಕೊಡವಿದರೆ ಒಣಗುತ್ತದೆ. ಗುಂಡಿ ಒತ್ತಿದರೆ ಕೂಗುವ ಬ್ಯಾಟರಿ ಸೀಟಿಯನ್ನೂ ಒಬ್ಬರು ತಂದಿದ್ದರು. ಎಂಜಲಿನ ತಾಪತ್ರಯವಿಲ್ಲ, ನಿಜ. ಆದರೆ ಅದರಲ್ಲಿ ಉಸಿರಿನ ಏರಿಳಿತ ಇಲ್ಲ. ಸಣ್ಣ ತಪ್ಪಿಗೆ ಸಣ್ಣಗೆ, ಕೆಟ್ಟ ಟ್ಯಾಕಲಿಗೆ ಗಟ್ಟಿಯಾಗಿ ಊದುವುದರಲ್ಲೇ ಅರ್ಧ ತೀರ್ಪು ಇರುತ್ತದೆ. ಗುಂಡಿಗೆ ಎಲ್ಲವೂ ಒಂದೇ. ಅದನ್ನು ಬಿಟ್ಟೆವು.

ಎಲ್ಲದಕ್ಕೂ ಊದಲು ಹೋಗಬೇಡಿ. ಹೊಸಬರು ಸೀಟಿ ಸಿಕ್ಕ ಖುಷಿಗೆ ಚೆಂಡು ಹೊರಗೆ ಹೋದರೂ ಊದುತ್ತಾರೆ, ಕಾರ್ನರಿಗೂ ಊದುತ್ತಾರೆ. ರೆಫರಿಗಳಿಗೆ ಕೊಡುವ ಸೂಚನೆಯಲ್ಲೇ ಇದೆ, ಬೇಕಿಲ್ಲದ ಕಡೆ ಊದಿದರೆ ಬೇಕಾದಾಗ ಸೀಟಿಗೆ ಬೆಲೆ ಇರುವುದಿಲ್ಲ ಅಂತ. ನಮ್ಮಲ್ಲಿ ಚೆನ್ನಾಗಿ ಊದುವವನು ಮಣಿಪುರದ ಗೆಳೆಯ. ಎಂಟು ನಿಮಿಷದಲ್ಲಿ ನಾಲ್ಕು ಸಲ ಊದಿದರೆ ಹೆಚ್ಚು.

ಒಂದು ವಿಷಯದಲ್ಲಿ ಮಾತ್ರ ನಾವು ದೊಡ್ಡ ಆಟಕ್ಕಿಂತ ಮುಂದೆ ಇದ್ದೇವೆ ಅಂತ ನನ್ನ ನಂಬಿಕೆ. 1997ರ ಮಾರ್ಚಿನಲ್ಲಿ ಲಂಡನ್ನಿನ ಹೈಬರಿ ಮೈದಾನದಲ್ಲಿ ಲಿವರ್‌ಪೂಲಿನ ರಾಬಿ ಫೌಲರ್ ಆರ್ಸೆನಲ್ ಕೀಪರ್ ಡೇವಿಡ್ ಸೀಮನ್ ಎದುರು ಬಿದ್ದಾಗ ರೆಫರಿ ಪೆನಾಲ್ಟಿ ಕೊಟ್ಟರು. ಫೌಲರ್ ಕೈ ಆಡಿಸಿ, ಇಲ್ಲ, ಅವರು ನನ್ನನ್ನು ಮುಟ್ಟಲಿಲ್ಲ ಅಂತ ಹೇಳಿದರು. ರೆಫರಿ ತೀರ್ಪು ಬದಲಿಸಲಿಲ್ಲ. ಫೌಲರ್ ಒದ್ದದ್ದನ್ನು ಸೀಮನ್ ತಡೆದರು, ಪುಟಿದ ಚೆಂಡನ್ನು ಲಿವರ್‌ಪೂಲಿನ ಇನ್ನೊಬ್ಬರು ಗೋಲಿಗೆ ಹಾಕಿದರು. ಸತ್ಯ ಹೇಳಿದವನ ಮಾತಿಗೆ ಅಲ್ಲಿ ಜಾಗ ಇರಲಿಲ್ಲ. ನಮ್ಮಲ್ಲಿ ಇದೆ. ಕಳೆದ ವರ್ಷ ಮಳೆಗಾಲದಲ್ಲಿ, ಅದೇ ಚಿಕ್ಕ ಹುಡುಗ ಗೋಲು ಹಾಕಿದ, ಸೀಟಿ ಹಿಡಿದವರು ಗೋಲು ಅಂದರು, ಅವನ ಟೀಮು ಗೆದ್ದಿತು, ನಾವು ಹೊರಗೆ ಹೊರಟಿದ್ದೆವು. ಅವನು ನಿಂತಲ್ಲೇ ನಿಂತು ‘ಕೈಗೆ ತಾಗಿತ್ತು’ ಅಂದ. ಯಾರೂ ನೋಡಿರಲಿಲ್ಲ. ನಾನು ಮೂರು ಅಡಿ ದೂರದಲ್ಲಿದ್ದೆ, ನಾನೂ ನೋಡಿರಲಿಲ್ಲ. ಸೀಟಿ ಹಿಡಿದಿದ್ದವನು ಯಾರು ಗೊತ್ತೇ? ಬೂಟು ಬಿಚ್ಚಿ ಹೋಗಿದ್ದ ನನ್ನ ಕೇರಳದ ಗೆಳೆಯ. ಅವನು ಆ ಹುಡುಗನನ್ನು ಒಂದು ಕ್ಷಣ ನೋಡಿ, ಎರಡು ಚಿಕ್ಕ ಊದು ಊದಿ, ‘ನೋ ಗೋಲ್, ಒಂದು-ಒಂದು, ಒಂದೂಕಾಲು ನಿಮಿಷ ಇದೆ’ ಅಂದ. ಹುಡುಗನ ಟೀಮಿನವರು ಯಾರೂ ಅವನನ್ನು ಬೈಯಲಿಲ್ಲ.

ಆ ಕೇರಳದ ಗೆಳೆಯ ವಾಪಸ್ ಬಂದದ್ದು ಸೀಟಿಯಿಂದಲ್ಲ, ಅದನ್ನೂ ಹೇಳಬೇಕು. ಏಪ್ರಿಲ್ ಮೊದಲ ವಾರ ನಾನು ಅವನ ಮನೆಗೆ ಹೋಗಿ, ಅವನ ಹೆಂಡತಿ ಕೊಟ್ಟ ಚಹಾ ಕುಡಿದು, ಆವತ್ತು ಆಡಿದ ಮಾತುಗಳಿಗೆ ಗುಂಪಿನ ಪರವಾಗಿ ಕ್ಷಮೆ ಕೇಳಿ ಕರೆದುಕೊಂಡು ಬಂದೆ. ಆ ಕೆಲಸಕ್ಕೆ ಯಾವ ಕಂಪನಿಯ ಸೀಟಿಯೂ ಆಗುವುದಿಲ್ಲ. ನಮ್ಮ ಗುಂಪನ್ನು ಬಿಟ್ಟೇ ಹೋದವರು ಇಬ್ಬರು ಇದ್ದಾರೆ. ಸೀಟಿ ಬಂದಮೇಲೆ ಆಟದ ಮಜಾ ಹೋಯಿತು, ನಾವೇನು ಲೀಗ್ ಆಡ್ತಿದ್ದೀವಾ ಅನ್ನುವುದು ಅವರ ಮಾತು. ಅವರ ಮಾತಿಗೂ ಅರ್ಥ ಇದೆ. ಹತ್ತು ಜನ ಹಳೆಯ ಸ್ನೇಹಿತರೇ ಆಡುವುದಾದರೆ ಇದು ಬೇಕಾಗದೇ ಇರಬಹುದು. ಪ್ರತಿ ವಾರ ಮೂರು ನಾಲ್ಕು ಹೊಸ ಮುಖ ಬರುವ ಗುಂಪಿಗೆ ಬೇಕು ಅಂತ ನಾನು ಎದೆ ಮುಟ್ಟಿಕೊಂಡು ಹೇಳುತ್ತೇನೆ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಹಿಡಿದುಕೊಂಡದ್ದು ಹಿಂದಿನ ಮನೆಯ ಅಜ್ಜನವರ ನಿದ್ದೆಗೆ. ಕೊಳ್ಳುವುದಾದರೆ ಒಂದು ಕೊಳ್ಳಬೇಡಿ, ಎಷ್ಟು ಟೀಮು ಇದೆಯೋ ಅಷ್ಟು ಕೊಳ್ಳಿ, ಒಂದೊಂದಕ್ಕೂ ಬೇರೆ ಬಣ್ಣದ ದಾರ ಹಾಕಿ. ಎಳೆದರೆ ಬಿಚ್ಚಿಕೊಳ್ಳುವ ಕೊಕ್ಕೆ ಇರುವ ದಾರವನ್ನೇ ಆರಿಸಿ. ಓಡುವಾಗ ಯಾರದಾದರೂ ಕೈ ಸಿಕ್ಕಿಕೊಂಡರೆ ಕುತ್ತಿಗೆಗೆ ಅಪಾಯ. ನಮ್ಮದರಲ್ಲಿ ನೀಲಿ ದಾರದ್ದು ಡೆಂಟಿಸ್ಟರ ಬಳಿ, ಕೆಂಪು ದಾರದ್ದು ನನ್ನ ಬಳಿ ಇದೆ. ಹಸಿರು ದಾರದ್ದನ್ನು ಆ ಹುಡುಗ ಕಾಲೇಜಿಗೆ ಒಯ್ದಿದ್ದಾನೆ. ಅಲ್ಲಿಯೂ ಸಂಜೆ ಆಟ ಶುರುಮಾಡಿದ್ದಾರಂತೆ, ಹಾಗಾಗಿ ಈ ವಾರ ನಾನು ಇನ್ನೊಂದು ಕೊಳ್ಳಬೇಕು.